ಕೇಳಿಸದ ಪದಕ್ಕೆ ಒಂದು ಗೆರೆ

‘ಬೆಂಗಳೂರಾಗ ಏನ್ ಕೆಲಸಾ ಮಾಡ್ತಿಯವಾ?’ ಎಂದು ಊರಿಗೆ ಹೋದಾಗ ಯಾರಾದರೂ ಕೇಳಿದರೆ ನಾನು ಪೇಚಿಗೆ ಬೀಳುತ್ತಿದ್ದೆ. ಬ್ಯಾಂಕು, ಶಾಲೆ, ಕೆ.ಇ.ಬಿ. ಎಂದರೆ ಒಂದು ಮಾತಿನಲ್ಲಿ ಮುಗಿಯುತ್ತದೆ. ‘ಅಮೆರಿಕದ ಡಾಕ್ಟರು ಮಾತಾಡಿದ್ದನ್ನ ಕೇಳಿ ಟೈಪ್ ಮಾಡ್ತೀನ್ರಿ ಕಾಕಾ’ ಎಂದರೆ, ‘ಯಾಕ, ಅವರಿಗೆ ಬರಿಯಾಕ ಬರಂಗಿಲ್ಲೇನು?’ ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತಿತ್ತು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕಡೆಯ ಡಾಕ್ಟರು ಅರ್ಧ ಚೀಟಿಯಲ್ಲಿ ನಾಲ್ಕು ಗುಳಿಗೆಯ ಹೆಸರು ಗೀಚಿ ಕೊಟ್ಟರೆ ಅಲ್ಲಿಗೆ ಕೆಲಸ ಮುಗಿಯಿತು. ಅಮೆರಿಕದಲ್ಲಿ ಹಾಗಲ್ಲ. ರೋಗಿ ಏನು ಹೇಳಿದ, ಎಲ್ಲಿ ಮುಟ್ಟಿ ನೋಡಿದೆ, ಏನು ಕಂಡಿತು, ಯಾವ ಔಷಧ ಎಷ್ಟು ಕೊಟ್ಟೆ ಎಂಬುದೆಲ್ಲ ದಾಖಲಾಗಬೇಕು. ವಿಮೆಯವರಿಗೆ ಬೇಕು, ಮುಂದಿನ ವೈದ್ಯರಿಗೆ ಬೇಕು, ನಾಳೆ ಕೋರ್ಟಿಗೆ ಹೋದರೆ ಅಲ್ಲಿಗೂ ಬೇಕು. ಇಷ್ಟನ್ನೂ ಬರೆಯುತ್ತ ಕುಳಿತರೆ ರೋಗಿಗಳನ್ನು ನೋಡುವುದು ಯಾವಾಗ? ಅದಕ್ಕೇ ಅವರು ಫೋನಿನಲ್ಲೋ ಕೈಯಳತೆಯ ಯಂತ್ರದಲ್ಲೋ ಗಡಗಡನೆ ಹೇಳಿಬಿಡುತ್ತಾರೆ. ಆ ಧ್ವನಿ ಸಮುದ್ರ ದಾಟಿ ಬೆಂಗಳೂರಿಗೆ ಬರುತ್ತದೆ. ಅವರು ಮಲಗಿದಾಗ ನಮಗೆ ಹಗಲು; ಅವರು ಎದ್ದು ಬರುವಷ್ಟರಲ್ಲಿ ಬೆರಳಚ್ಚಾದ ವರದಿ ಅವರ ಮೇಜಿನ ಮೇಲಿರಬೇಕು. 1990ರ ದಶಕದ ನಡುವಿನಿಂದಲೇ ಬೆಂಗಳೂರಿನಲ್ಲಿ ಈ ಉದ್ಯೋಗ ಬೇರುಬಿಟ್ಟಿತ್ತು. ನಾನು ಹೋಗಿ ಸೇರಿದ್ದು 2001ರಲ್ಲಿ.

ನನ್ನದು ಕುಷ್ಟಗಿ ತಾಲ್ಲೂಕಿನ ಹಳ್ಳಿ. ಅಪ್ಪ ಕನ್ನಡ ಶಾಲೆಯ ಮಾಸ್ತರರು. ನಾನು ಓದಿದ್ದೂ ಅವರದೇ ಶಾಲೆಯಲ್ಲಿ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ನಾಲ್ಕೇ ತಾಲ್ಲೂಕು. ಕುಕನೂರು, ಕನಕಗಿರಿ, ಕಾರಟಗಿಗಳು ಆಮೇಲೆ ಬಂದವು. ಗಂಗಾವತಿಯಲ್ಲಿ ಬಿ.ಎಸ್ಸಿ. ಮುಗಿಸಿ ಕುಳಿತಿದ್ದ ನನಗೆ ಪತ್ರಿಕೆಯ ಜಾಹೀರಾತೊಂದು ಕಣ್ಣಿಗೆ ಬಿತ್ತು. ಆರು ತಿಂಗಳ ತರಬೇತಿ, ಆಮೇಲೆ ನೌಕರಿ. ‘ಇಂಗ್ಲಿಷ್ ಬಲ್ಲವರಿಗೆ ಆದ್ಯತೆ’ ಎಂದಿತ್ತು. ಬಲ್ಲೆ ಎಂದುಕೊಂಡು ರಾತ್ರಿ ಬಸ್ಸು ಹತ್ತಿದೆ.

ಮೊದಲ ವಾರವೇ ತಿಳಿದದ್ದು ಏನೆಂದರೆ, ಕನ್ನಡ ಶಾಲೆಯ ಮಕ್ಕಳಿಗೆ ಕಿವಿಯ ಮೇಲೆ ಅಪಾರ ನಂಬಿಕೆ. ನಮ್ಮ ಲಿಪಿ ಹಾಗಿದೆ ನೋಡಿ! ಕೇಳಿದ್ದನ್ನು ಬರೆ, ಬರೆದದ್ದನ್ನು ಓದು. ವೈದ್ಯರ ಭಾಷೆ ಈ ಒಪ್ಪಂದಕ್ಕೆ ಬಗ್ಗುವುದಿಲ್ಲ. ಒಬ್ಬ ಕಣ್ಣಿನ ಡಾಕ್ಟರು ‘ಟೆರಿಜಿಯಂ’ ಎಂದರು. ಬಿಸಿಲು, ದೂಳಿನಲ್ಲಿ ದುಡಿಯುವವರ ಕಣ್ಣಿನ ಬಿಳಿಭಾಗದಿಂದ ಕಪ್ಪಿನ ಕಡೆಗೆ ಬೆಳೆಯುವ ಮಾಂಸದ ಪದರ ಅದು. ನಮ್ಮೂರಿನ ಹೊಲಗಳಲ್ಲಿ ಎಷ್ಟೋ ಮುದುಕರ ಕಣ್ಣಿನಲ್ಲಿ ನೋಡಿದ್ದೆ, ಹೆಸರು ಮಾತ್ರ ಗೊತ್ತಿರಲಿಲ್ಲ. ದಪ್ಪನೆಯ ವೈದ್ಯಕೀಯ ನಿಘಂಟಿನಲ್ಲಿ ‘ಟಿ’ ಅಕ್ಷರದ ಪುಟಗಳನ್ನೆಲ್ಲ ಮಗುಚಿದರೂ ಪದ ಇಲ್ಲ. ಇದ್ದದ್ದು ‘ಪಿ’ಯಲ್ಲಿ! ಪುಟ್ಟ ರೆಕ್ಕೆ ಎಂಬ ಅರ್ಥದ ಗ್ರೀಕ್ ಮಾತಂತೆ, ಮುಂದಿನ ‘ಪಿ’ ಮೂಗನಾಗಿ ಕುಳಿತಿರುತ್ತದೆ. ನ್ಯುಮೋನಿಯಾಕ್ಕೂ ಸೋರಿಯಾಸಿಸ್‌ಗೂ ಇದೇ ಗತಿ. ಎದೆಗೂಡಿನ ನಡುವಿನ ಎಲುಬಿನ ತುದಿ ‘ಜೈಫಾಯ್ಡ್’ ಅನ್ನು ಹುಡುಕಬೇಕಾದದ್ದು ‘ಎಕ್ಸ್’ ಅಕ್ಷರದಲ್ಲಿ. ಪದ ಕೇಳಿಸಿದ ಮಾತ್ರಕ್ಕೆ ಸಿಕ್ಕಿತು ಎಂದು ಹಿಗ್ಗುವ ಹಾಗಿಲ್ಲ.

ಇನ್ನು ಪದ ಸರಿಯಾಗಿ ಸಿಕ್ಕಿ ಅರ್ಥ ಕೈಕೊಡುವುದು ಬೇರೆಯದೇ ತಮಾಷೆ. ನಮ್ಮ ತಂಡದಲ್ಲಿ ಯಲಬುರ್ಗಾ ಕಡೆಯ ಒಬ್ಬ ಹುಡುಗನಿದ್ದ. ಎದೆಯುರಿಯೆಂದು ಬಂದ ರೋಗಿಗೆ ತುರ್ತು ವಿಭಾಗದಲ್ಲಿ ‘ಜಿ.ಐ. ಕಾಕ್‌ಟೇಲ್’ ಕೊಟ್ಟರು ಎಂಬುದನ್ನು ಕೇಳಿ, ‘ಏನ್ ದೇಶಲೇ ಇದು, ದವಾಖಾನ್ಯಾಗೂ ಕುಡಿಸ್ತಾರ!’ ಎಂದು ಹೆಡ್‌ಫೋನು ತೆಗೆದಿಟ್ಟಿದ್ದ. ಅದು ಆಮ್ಲ ತಣಿಸುವ ದ್ರವಕ್ಕೆ ಮರಗಟ್ಟಿಸುವ ಔಷಧ ಬೆರೆಸಿದ ಕಷಾಯ, ಅಷ್ಟೆ. ‘ಹದಿನಾರು ಫ್ರೆಂಚ್ ಫೋಲಿ’ ಎಂದರೆ ಹದಿನಾರು ಜನ ಫ್ರೆಂಚರಲ್ಲ, ಮೂತ್ರನಾಳಕ್ಕೆ ಹಾಕುವ ಕೊಳವೆಯ ದಪ್ಪ. ‘ಕಾಫಿ ಗ್ರೌಂಡ್’ ಎಂದರೆ ಕಾಫಿ ತೋಟವಲ್ಲ. ಹೊಟ್ಟೆಯೊಳಗೆ ರಕ್ತ ಸೋರಿ, ಕಾಫಿಯ ಚರಟದಂತೆ ವಾಂತಿಯಾಗುವುದು. ಮೊದಮೊದಲು ನಕ್ಕೆವು. ಕೊನೆಯದರ ಅರ್ಥ ತಿಳಿದ ಮೇಲೆ ಅದಕ್ಕೆ ಮಾತ್ರ ಯಾರೂ ನಗಲಿಲ್ಲ.

ನಿಜವಾದ ಕಾಟ ಅವಳಿಜವಳಿ ಪದಗಳದ್ದು. ಸಣ್ಣ ಕರುಳಿನ ಕೊನೆಯ ಭಾಗಕ್ಕೂ ಇಲಿಯಂ, ಸೊಂಟದ ಅಗಲವಾದ ಎಲುಬಿಗೂ ಇಲಿಯಂ. ‘ಎಲ್’ ಆದ ಮೇಲೆ ‘ಇ’ ಬಂದರೆ ಕರುಳು, ‘ಐ’ ಬಂದರೆ ಎಲುಬು. ಬಾಯಲ್ಲಿ ಎರಡೂ ಒಂದೇ, ಕನ್ನಡದಲ್ಲಿ ಬರೆದರೂ ಒಂದೇ. ನಮ್ಮ ಯಲಬುರ್ಗಾದ ಗೆಳೆಯ ಇವಕ್ಕೆ ‘ಕರುಳಿಲಿ’, ‘ಎಲುಬಿಲಿ’ ಎಂದು ಹೆಸರಿಟ್ಟ; ಆ ಮೇಲೆ ಯಾರಿಗೂ ಗೊಂದಲವಾಗಲಿಲ್ಲ. ‘ಡಿಸ್‌ಫೇಜಿಯಾ’ ಎಂದರೆ ನುಂಗಲು ಕಷ್ಟ, ‘ಡಿಸ್‌ಫೇಸಿಯಾ’ ಎಂದರೆ ಮಾತಾಡಲು ಕಷ್ಟ. ‘ಹೈಪರ್’ ಎಂದರೆ ಹೆಚ್ಚು, ‘ಹೈಪೊ’ ಎಂದರೆ ಕಡಿಮೆ. ಅವಸರದ ನಾಲಿಗೆ ಎರಡನ್ನೂ ‘ಹೈಪ’ ಎಂದು ಸವರಿಕೊಂಡು ಹೋಗುತ್ತದೆ. ‘ಎ ಟಿಪಿಕಲ್’ ಎಂದು ಬಿಡಿಸಿ ಬರೆದರೆ ಮಾಮೂಲಿನದು, ‘ಎಟಿಪಿಕಲ್’ ಎಂದು ಕೂಡಿಸಿದರೆ ಮಾಮೂಲಲ್ಲದ್ದು. ನಡುವೆ ಇರುವುದು ಒಂದು ಖಾಲಿ ಜಾಗ ಮಾತ್ರ, ಅದಕ್ಕೆ ಸದ್ದಿಲ್ಲ! ಕೈಕಾಲುಗಳನ್ನು ದೇಹದಿಂದ ಆಚೆಗೆ ಚಾಚುವುದಕ್ಕೂ ಈಚೆಗೆ ಎಳೆದುಕೊಳ್ಳುವುದಕ್ಕೂ ಒಂದೇ ಅಕ್ಷರದ ಅಂತರ. ಪುಣ್ಯಾತ್ಮರಾದ ಡಾಕ್ಟರು ‘ಎ-ಬಿ-ಡಕ್ಷನ್’ ಎಂದು ಬಿಡಿಸಿ ಹೇಳುತ್ತಿದ್ದರು. ಉಳಿದವರು ಹೇಳುತ್ತಿರಲಿಲ್ಲ.

ಔಷಧಗಳ ಹೆಸರು ಇದಕ್ಕಿಂತ ಕೆಟ್ಟದ್ದು. ಸೆಲೆಬ್ರೆಕ್ಸ್ ಕೀಲುನೋವಿಗೆ, ಸೆಲೆಕ್ಸಾ ಖಿನ್ನತೆಗೆ, ಸೆರೆಬಿಕ್ಸ್ ಫಿಟ್ಸ್ ತಡೆಯಲು. ಹೊಟ್ಟೆಯ ಆಮ್ಲಕ್ಕೆ ಆಗ ಕೊಡುತ್ತಿದ್ದ ಜ್ಯಾಂಟ್ಯಾಕ್ ಮತ್ತು ಮನಸ್ಸಿನ ತಳಮಳಕ್ಕೆ ಕೊಡುವ ಜ್ಯಾನಾಕ್ಸ್ ಎರಡೂ ಫೋನಿನಲ್ಲಿ ಒಂದೇ ಹಾಡು. ಇದರ ಜೊತೆಗೆ ಡಾಕ್ಟರು ಊಟ ಮಾಡುತ್ತ ಮಾತಾಡುತ್ತಾರೆ, ಕಾರು ಓಡಿಸುತ್ತ ಮಾತಾಡುತ್ತಾರೆ, ಆಕಳಿಸುತ್ತಾರೆ. ಮಾತು ನಿಂತೊಡನೆ ತಾನೂ ನಿಂತು, ಮಾತು ಶುರುವಾದಾಗ ತಾನೂ ಎಚ್ಚರಾಗುವ ರೆಕಾರ್ಡಿಂಗ್ ಯಂತ್ರಗಳಂತೂ ವಾಕ್ಯದ ಮೊದಲ ಚೂರನ್ನು ನುಂಗಿಬಿಡುತ್ತಿದ್ದವು. ಆ ಚೂರು ‘ನೋ’ ಎಂಬುದಾಗಿದ್ದರೆ? ‘ಯಾವ ಔಷಧವೂ ಒಗ್ಗದೆ ಹೋಗುವುದಿಲ್ಲ’ ಎಂಬುದು ‘ಔಷಧ ಒಗ್ಗುವುದಿಲ್ಲ’ ಎಂದಾಗುತ್ತದೆ.

ಹಾಗಾದರೆ ಬಿಡಿಸುವುದು ಹೇಗೆ? ಒಗಟು ಬಿಡಿಸುವಂತೆಯೇ. ಮೊದಲು ನೋಡಬೇಕಾದದ್ದು ಅಕ್ಕಪಕ್ಕದ ಮಾತು. ರೋಗಿಯ ಮಂಡಿ ಊದಿದೆ ಎಂದಿದ್ದರೆ ಸೆಲೆಬ್ರೆಕ್ಸ್ ಇರಬಹುದು. ನಿದ್ದೆ ಬಾರದೆ ಅಳುತ್ತಾರೆ ಎಂದಿದ್ದರೆ ಸೆಲೆಕ್ಸಾ. ಆಮೇಲೆ ಪ್ರಮಾಣ: ಆ ಗುಳಿಗೆ ಅಷ್ಟು ಮಿಲಿಗ್ರಾಂನಲ್ಲಿ ಸಿಗುತ್ತದೆಯೇ? ಆಮೇಲೆ ಡಾಕ್ಟರ ಚಾಳಿ. ಪ್ರತಿಯೊಬ್ಬರಿಗೂ ಮಾತಿನ ಒಂದು ಜಾಡಿರುತ್ತದೆ. ಹತ್ತು ವರದಿ ಕೇಳಿದರೆ ಹನ್ನೊಂದನೆಯದರಲ್ಲಿ ಉಸಿರು ಎಲ್ಲಿ ಎಳೆಯುತ್ತಾರೆಂಬುದೂ ಗೊತ್ತಾಗುತ್ತದೆ. ತಿಳಿಯದ ಪದಕ್ಕೆ ಅಂಟಿಕೊಂಡು ಕೂರದೆ ಮುಂದೆ ಹೋಗುವುದೂ ಒಂದು ಉಪಾಯ, ಏಕೆಂದರೆ ಕೊನೆಯಲ್ಲಿ ರೋಗದ ಹೆಸರು ಹೇಳುವಾಗ ಅದೇ ಪದ ಇನ್ನೊಮ್ಮೆ, ಸ್ವಲ್ಪ ಸ್ಪಷ್ಟವಾಗಿ, ಬರುವುದುಂಟು. ಕಾಲಡಿಯ ಪೆಡಲ್ ಒತ್ತಿ ನಿಧಾನ ಮಾಡಿದರೆ ಎಲ್ಲ ಕೇಳಿಸುತ್ತದೆಂದು ಹೊಸಬರು ತಿಳಿಯುತ್ತಾರೆ. ಎಷ್ಟೋ ಸಲ ವೇಗ ಹೆಚ್ಚಿಸಿದಾಗಲೇ ಚೂರುಗಳು ಕೂಡಿಕೊಂಡು ಪದವಾಗುತ್ತವೆ. ಅದೂ ಆಗದಿದ್ದರೆ ಹೆಡ್‌ಫೋನು ಕಳಚಿಟ್ಟು ಚಹಾ ಕುಡಿದು ಬರುವುದು. ನಗಬೇಡಿ, ಇದು ನಮ್ಮ ದೊಡ್ಡ ವಿದ್ಯೆಗಳಲ್ಲಿ ಒಂದು.

ಕೆಲವು ಬೀಗಗಳಿಗೆ ಊರಿನ ಬೀಗದ ಕೈಯೇ ಬೇಕಿತ್ತು. ಒಬ್ಬ ಹೃದಯತಜ್ಞರ ಧ್ವನಿ ನಮ್ಮ ತಂಡದಲ್ಲಿ ಯಾರಿಗೂ ದಕ್ಕುತ್ತಿರಲಿಲ್ಲ. ಹೆಸರು ನೋಡಿದರೆ ಆಂಧ್ರದವರು, ಅಮೆರಿಕಕ್ಕೆ ಹೋಗಿ ಬಹಳ ವರ್ಷವಾದವರು. ಅಮೆರಿಕದ ಉಚ್ಚಾರದ ಕೆಳಗೆ ಇನ್ನೊಂದು ಉಚ್ಚಾರ ಹರಿಯುತ್ತಿತ್ತು. ಅವರ ವರದಿಗಳನ್ನೆಲ್ಲ ಸರಾಗವಾಗಿ ಮಾಡಿದವಳು ಗಂಗಾವತಿ ತಾಲ್ಲೂಕಿನ ಕ್ಯಾಂಪಿನ ಹುಡುಗಿ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದಾಗ ಕರಾವಳಿ ಆಂಧ್ರದಿಂದ ಬಂದು ಭತ್ತದ ಗದ್ದೆ ಮಾಡಿ ನೆಲೆಸಿದವರ ಊರುಗಳಿಗೆ ನಮ್ಮಲ್ಲಿ ಕ್ಯಾಂಪ್ ಎನ್ನುತ್ತಾರೆ. ಅವಳ ಮನೆಮಾತು ಕನ್ನಡ, ಆದರೆ ಆಡಿ ಬೆಳೆದದ್ದು ತೆಲುಗು ಮಕ್ಕಳ ಜೊತೆ. ‘ನಮ್ಮ ಓಣಿ ಮಾವ ಮಾತಾಡಿದಂಗ ಐತಲ್ಲ’ ಎಂದು ಸಲೀಸಾಗಿ ಟೈಪು ಮಾಡಿದಳು. ಅವಳ ಕೆಲಸದ ದಾಖಲೆಯಲ್ಲಿ ‘ಉಚ್ಚಾರ ಗ್ರಹಿಕೆ: ಅತ್ಯುತ್ತಮ’ ಎಂದು ಬಂತು. ಭತ್ತದ ಗದ್ದೆಯ ಹೆಸರು ಅದರಲ್ಲಿ ಇರಲಿಲ್ಲ, ಬಿಡಿ.

ಇಷ್ಟೆಲ್ಲ ಮಾಡಿಯೂ ತಿಳಿಯದ ಪದಗಳು ಉಳಿಯುತ್ತವೆ. ಆಗ ಏನು ಮಾಡಬೇಕೆಂಬುದೇ ಈ ಕೆಲಸದ ನಿಜವಾದ ಪ್ರಶ್ನೆ. ಪುಸ್ತಕದ ನಿಯಮ ಸರಳ: ಊಹಿಸಬೇಡ, ಗೆರೆ ಎಳೆ. ಪದದ ಜಾಗದಲ್ಲಿ ಒಂದು ಖಾಲಿ ಗೆರೆ, ಪಕ್ಕದಲ್ಲಿ ಧ್ವನಿಯ ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡು ಎಂಬ ಟಿಪ್ಪಣಿ. ಅದನ್ನು ತಪಾಸಣೆಯವರು ಕೇಳಬೇಕು, ಅವರಿಗೂ ತಿಳಿಯದಿದ್ದರೆ ಡಾಕ್ಟರೇ ತುಂಬಬೇಕು. ಆದರೆ ನಮಗೆ ಸಂಬಳದ ಮೇಲಿನ ಪ್ರೋತ್ಸಾಹಧನ ಬರುತ್ತಿದ್ದದ್ದು ಸಾಲಿನ ಲೆಕ್ಕದಲ್ಲಿ. 65 ಅಕ್ಷರಕ್ಕೆ ಒಂದು ಸಾಲು. ಗೆರೆ ಹೆಚ್ಚಾದರೆ ಅಂಕ ಕಡಿಮೆ. ಖಾಲಿ ಬಿಟ್ಟವಳು ಕಲಿಯದವಳು, ತುಂಬಿದವಳು ಜಾಣೆ ಎಂಬ ಭಾವನೆ ಕೋಣೆಯ ಗಾಳಿಯಲ್ಲೇ ಇರುತ್ತಿತ್ತು.

2006ರ ಮಳೆಗಾಲದಲ್ಲಿ ನಾನಿದ್ದ ಸಂಸ್ಥೆಯೊಂದರಲ್ಲಿ ನಡೆದದ್ದು ಇದು. ವಯಸ್ಸಾದ ಮಧುಮೇಹಿಯೊಬ್ಬರ ಬಿಡುಗಡೆಯ ವರದಿ. ಡಾಕ್ಟರು ಓಡಾಡುತ್ತ ಹೇಳುತ್ತಿದ್ದರು. ರಾತ್ರಿಯ ಇನ್ಸುಲಿನ್ ಎಷ್ಟು ಯೂನಿಟ್ ಎಂದು ಹೇಳುವ ಹೊತ್ತಿಗೆ ಸರಿಯಾಗಿ ಲಿಫ್ಟಿನ ಗಂಟೆ ಬಾರಿಸಿತು. ‘ಫಿಫ್’ ಎಂಬುದು ಕೇಳಿಸುತ್ತದೆ, ಬಾಲ ಕೇಳಿಸುವುದಿಲ್ಲ. ಹದಿನೈದೋ, ಐವತ್ತೋ? ನಮ್ಮ ತಂಡದ ಮುಖ್ಯಸ್ಥರು ಹಳೆಯ ವರದಿ ತೆಗೆದು ತೋರಿಸಿದರು. ಅದರಲ್ಲಿ 50 ಎಂದಿತ್ತು. ‘ಅದನ್ನೇ ಹಾಕು, ಈ ವಾರ ಬ್ಲ್ಯಾಂಕು ಜಾಸ್ತಿಯಾಗಿದೆ’ ಎಂದರು. ಆದರೆ ಅದೇ ಧ್ವನಿಯಲ್ಲಿ, ಮೂರು ನಿಮಿಷ ಮುಂಚೆ, ಬೇರೊಂದು ಕಥೆ ಇತ್ತು. ಮುದುಕಿ ಬೆಳಗಿನ ಜಾವ ಬೆವತು ಎಚ್ಚರ ತಪ್ಪಿ ಬಿದ್ದಿದ್ದರು. ರಕ್ತದ ಸಕ್ಕರೆ 38ಕ್ಕೆ ಇಳಿದಿತ್ತು. ಮೂತ್ರಪಿಂಡಗಳು ಮೊದಲಿಗಿಂತ ಸೋತಿದ್ದವು. ಮೂತ್ರಪಿಂಡ ಸೋತರೆ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಪ್ರಮಾಣ ಇಳಿಸಬೇಕಾಗುತ್ತದೆ. ಇದು ಬಿ.ಎಸ್ಸಿ.ಯ ಪಾಠವಲ್ಲ, ಐದು ವರ್ಷ ವರದಿ ಕೇಳಿ ಕಲಿತದ್ದು. ಹಾಗಾಗಿ 15 ಇರಬೇಕೆಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೂ ನಾನು 15 ಎಂದು ಬರೆಯಲಿಲ್ಲ, 50 ಎಂದೂ ಬರೆಯಲಿಲ್ಲ. ಗೆರೆ ಎಳೆದು, ಎರಡು ಅಂಕಿಗಳನ್ನೂ, ಹಳೆಯ ವರದಿಯ ಅಂಕಿಯನ್ನೂ, ಸಕ್ಕರೆ ಕುಸಿದದ್ದನ್ನೂ ಟಿಪ್ಪಣಿಯಲ್ಲಿ ಸೇರಿಸಿ ಕಳಿಸಿದೆ. ಮುಖ್ಯಸ್ಥರು ಮುಖ ಗಂಟಿಕ್ಕಿದರು. ಆ ತಿಂಗಳು ಪ್ರೋತ್ಸಾಹಧನ ಬರಲಿಲ್ಲ. ಎರಡು ದಿನಗಳ ಮೇಲೆ ಡಾಕ್ಟರ ಉತ್ತರ ಬಂತು: 15. ಆ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಇದನ್ನು ಇಷ್ಟು ಬೆಳೆಸುವುದೇಕೆ ಎಂದು ನಿಮಗನ್ನಿಸಬಹುದು. ಅಮೆರಿಕದ ಅಲಬಾಮಾ ರಾಜ್ಯದ ಒಂದು ಪ್ರಕರಣ ಹೇಳುತ್ತೇನೆ, ಕೇಳಿ. 2008ರಲ್ಲಿ ಅಲ್ಲಿನ ಮಧುಮೇಹಿ ಮಹಿಳೆಯೊಬ್ಬರು ಆಸ್ಪತ್ರೆಯಿಂದ ಆರೈಕೆ ಕೇಂದ್ರಕ್ಕೆ ಹೋಗುವಾಗ ವೈದ್ಯರು ಹೇಳಿದ್ದ ಇನ್ಸುಲಿನ್ 8 ಯೂನಿಟ್. ಕೈಯಿಂದ ಕೈಗೆ ಗುತ್ತಿಗೆ ದಾಟಿ ಭಾರತದಲ್ಲಿ ಬೆರಳಚ್ಚಾದ ವರದಿಯಲ್ಲಿ ಅದು 80 ಆಗಿತ್ತು. ವೈದ್ಯರು ನೋಡಿ ಸಹಿ ಹಾಕುವ ಮೊದಲೇ ಆ ವರದಿ ಮುಂದಕ್ಕೆ ಹೋಯಿತು. ಅದನ್ನು ನೋಡಿಯೇ ಔಷಧ ಕೊಟ್ಟರು. ಆಕೆ ಉಳಿಯಲಿಲ್ಲ. 2012ರಲ್ಲಿ ಅಲ್ಲಿನ ಜ್ಯೂರಿ 14 ಕೋಟಿ ಡಾಲರ್ ಪರಿಹಾರ ವಿಧಿಸಿತು. ಒಂದು ಸೊನ್ನೆಯ ಬೆಲೆ ಎಂದು ಪತ್ರಿಕೆ ಓದಿದವರು ಅಂದುಕೊಂಡಿರಬಹುದು. ನಮ್ಮಂಥವರು ಓದಿದ್ದು ಬೇರೆ ರೀತಿ. ಆ ವರದಿಯಲ್ಲಿ ಒಂದು ಗೆರೆ ಇದ್ದಿದ್ದರೆ, ಯಾರಾದರೊಬ್ಬರು ಫೋನು ಎತ್ತಿ ಕೇಳುತ್ತಿದ್ದರು. ಯೂನಿಟ್ ಎಂಬುದನ್ನು ‘ಯು’ ಎಂದು ಚುಟುಕಾಗಿ ಬರೆಯಬಾರದು, ಅವಸರದಲ್ಲಿ ಅದು ಸೊನ್ನೆಯಂತೆ ಕಾಣುತ್ತದೆ ಎಂದು ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ 2004ರಲ್ಲೇ ನಿಷೇಧದ ಪಟ್ಟಿಗೆ ಸೇರಿಸಿತ್ತು. ಅದರಲ್ಲಿನ ನಿಯಮಗಳನ್ನು ನಾವು ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡುತ್ತಿದ್ದೆವು.

ಹೊರದೇಶದ ಮಾತಿಗೇ ಈ ಪಾಡು ಎಂದುಕೊಳ್ಳಬೇಡಿ. ನಮ್ಮ ದೊಡ್ಡವ್ವನನ್ನು ಒಮ್ಮೆ ನಮ್ಮ ಕಡೆಯ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಮೈಸೂರು ಸೀಮೆಯ ಹುಡುಗ, ಒಳ್ಳೆಯವರು.

‘ಏನಾಗಿದೆ ಅಜ್ಜಿ?’

‘ಜಡ್ಡಾಗೈತ್ರೀ ಸಾಹೇಬ್ರ.’

ಅವರು ದೊಡ್ಡವ್ವನ ಅಂಗೈ, ಅಂಗಾಲು ನೋಡಿದರು. ಅವರ ಕಡೆ ಜಡ್ಡು ಎಂದರೆ ಗಟ್ಟಿಯಾದ ಚರ್ಮ. ನಮ್ಮಲ್ಲಿ ಯಾವ ಕಾಯಿಲೆಯಾದರೂ ಜಡ್ಡೇ.

‘ಎರಡ ದಿನದಿಂದ ಉರಿ ಬಂದಾವ್ರಿ.’

‘ಎಲ್ಲಿ ಉರಿ? ಎದೆಯಲ್ಲಾ, ಮೂತ್ರ ಮಾಡುವಾಗಲಾ?’

‘ಮೈತುಂಬ ಬಂದಾವ್ರಿ. ಹೊಟ್ಟಿನೂ ಕಡ್ಯಾಕತ್ತೈತಿ.’

‘ಹೊಟ್ಟೆ ಮೇಲೆ ಕಡಿತವಾ? ಗುಳ್ಳೆ ಎದ್ದಿದೆಯಾ?’

ದೊಡ್ಡವ್ವ ನನ್ನ ಮುಖ ನೋಡಿದಳು. ಉರಿ ಎಂದರೆ ಜ್ವರ, ಕಡಿಯುವುದೆಂದರೆ ಹೊಟ್ಟೆಯೊಳಗಿನ ನೋವು. ನಾನು ಬಾಯಿ ಹಾಕಲೋ ಬೇಡವೋ ಎನ್ನುವಷ್ಟರಲ್ಲಿ ಆ ಡಾಕ್ಟರು ಪೆನ್ನು ಕೆಳಗಿಟ್ಟು, ‘ಇವರು ಹೇಳ್ತಿರೋದು ನನಗೆ ಸರಿಯಾಗಿ ಗೊತ್ತಾಗ್ತಿಲ್ಲ. ನೀವು ಸ್ವಲ್ಪ ಹೇಳ್ತೀರಾ?’ ಎಂದರು. ಚೀಟಿಯಲ್ಲಿ ಇನ್ನೂ ಏನೂ ಬರೆದಿರಲಿಲ್ಲ. ನನಗೆ ಅವರ ಮೇಲೆ ಬಹಳ ಗೌರವ ಬಂತು.

2020ರಲ್ಲಿ ಕೋವಿಡ್ ಕಾಲಕ್ಕೆ ಎಲ್ಲರನ್ನೂ ಮನೆಗೆ ಕಳಿಸಿದಾಗ ನಾನೂ ಕೊಪ್ಪಳಕ್ಕೆ ಬಂದೆ. ಮತ್ತೆ ಬೆಂಗಳೂರಿಗೆ ಹೋಗಲಿಲ್ಲ. ಕೆಲಸವೂ ಆ ಹೊತ್ತಿಗೆ ಬದಲಾಗಿತ್ತು. ಈಗ ಧ್ವನಿ ಕೇಳಿ ಮೊದಲು ಬರೆಯುವುದು ಯಂತ್ರ. ಬರೆದದ್ದನ್ನು ಕೇಳಿ ತಿದ್ದುವುದು ನಾನು. ತಿದ್ದುವುದಕ್ಕೆ ಕೊಡುವ ದುಡ್ಡು ಬರೆಯುವುದಕ್ಕಿಂತ ಕಡಿಮೆ. ಯಂತ್ರ ಜಾಣ ಎಂಬುದರಲ್ಲಿ ಸಂಶಯವಿಲ್ಲ. ಮೂಗನಾದ ‘ಪಿ’ಯನ್ನು ಅದು ಎಂದೂ ಮರೆಯುವುದಿಲ್ಲ, ಕರುಳಿಲಿ-ಎಲುಬಿಲಿಗಳನ್ನು ಬಹುಪಾಲು ಸರಿಯಾಗಿಯೇ ಹಿಡಿಯುತ್ತದೆ. ನಾನು ಕೆಲಸ ಮಾಡುವ ಯಂತ್ರಕ್ಕೆ ಬಾರದ ವಿದ್ಯೆ ಒಂದೇ, ಗೆರೆ ಎಳೆಯುವುದು. ಲಿಫ್ಟಿನ ಗಂಟೆ ಬಾರಿಸಿದರೂ ಅದು ಏನಾದರೊಂದು ಬರೆಯುತ್ತದೆ, ಅದೂ ನಂಬುವ ಹಾಗೆ, ವ್ಯಾಕರಣಬದ್ಧವಾಗಿ! ಹಿಂದೆ ಹೊಸಬರು ಊಹಿಸಿ ತುಂಬಿದ ಪದ ನೋಡಿದೊಡನೆ ಗೊತ್ತಾಗುತ್ತಿತ್ತು, ಅದರ ಸುತ್ತಲ ವಾಕ್ಯವೂ ಕುಂಟುತ್ತಿತ್ತು. ಇದರದ್ದು ಕುಂಟುವುದಿಲ್ಲ. ಮಾತನ್ನು ಬರಹಕ್ಕಿಳಿಸುವ ಹೆಸರುವಾಸಿ ತಂತ್ರಾಂಶವೊಂದನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಶೇಕಡಾ 1ರಷ್ಟು ಧ್ವನಿತುಣುಕುಗಳಲ್ಲಿ ಯಾರೂ ಆಡದ ಮಾತುಗಳನ್ನೇ ಅದು ಸೇರಿಸಿದ್ದು ಕಂಡುಬಂತು. ಪಾರ್ಶ್ವವಾಯು ಮುಂತಾದವುಗಳಿಂದ ನುಡಿ ತೊಡರಿ, ತಡೆತಡೆದು ಮಾತಾಡುವವರ ಧ್ವನಿಯಲ್ಲಿ ಇದು ಹೆಚ್ಚು. ಮೌನ ಉದ್ದವಾದಷ್ಟೂ ಯಂತ್ರ ಅದನ್ನು ತುಂಬಲು ಹವಣಿಸುತ್ತದೆ.

ಹಾಗಾಗಿ ನನ್ನ ದಿನದ ಹೆಚ್ಚು ಹೊತ್ತು ಈಗ ಹೋಗುವುದು ಸರಿಯಾಗಿ ಕಾಣುವ ವಾಕ್ಯಗಳನ್ನು ಅನುಮಾನಿಸುವುದರಲ್ಲಿ. ಮೊನ್ನೆ ಒಬ್ಬ ಡಾಕ್ಟರು ಕಾಗದ ಮಗುಚಲೆಂದು ಆರು ಸೆಕೆಂಡು ಸುಮ್ಮನಾಗಿದ್ದರು. ಆ ಜಾಗದಲ್ಲಿ ‘ರೋಗಿಗೆ ಎದೆನೋವಿಲ್ಲ’ ಎಂಬ ಅಚ್ಚುಕಟ್ಟಾದ ವಾಕ್ಯ ಕುಳಿತಿತ್ತು. ಮೂರು ಸಲ ಕೇಳಿದೆ. ಕಾಗದದ ಸದ್ದು ಮಾತ್ರ. ಅಳಿಸಿದೆ.

ನಮ್ಮ ಅಣ್ಣನ ಮಗಳು ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಳೆ. 2015ರಲ್ಲಿ ಶುರುವಾದ ಕಾಲೇಜು. ಬೇರೆ ಬೇರೆ ಜಿಲ್ಲೆಗಳ ಹುಡುಗ ಹುಡುಗಿಯರು ಬಂದಿದ್ದಾರೆ. ‘ಅತ್ತಿ, ನಿನ್ನ ಹತ್ರ ಆ ಜೋಡಿಪದದ್ದು ಒಂದು ವಹಿ ಇತ್ತಲ್ಲ, ಕೊಡು’ ಎಂದಳು. ಕೊಟ್ಟೆ. ಎರಡು ದಿನದ ಮೇಲೆ ಬಂದು, ‘ಇದು ಇಂಗ್ಲಿಷಿಂದು ಆತು. ನಮ್ಮ ಗೆಳತ್ಯಾರಿಗೆ ಇಲ್ಲಿಯವರು ಹೇಳೋದು ತಿಳಿಯಂಗಿಲ್ಲ, ಅದೊಂದು ಮಾಡಿಕೊಡು’ ಎಂದು ಹಟ ಹಿಡಿದಳು. ವಹಿಯ ಹಿಂದಿನ ಪುಟಗಳಲ್ಲಿ ಶುರು ಮಾಡಿದ್ದೇನೆ. ಜಡ್ಡು, ಉರಿ, ಕಡಿತ ಆಯಿತು. ‘ಕಾಲು ಹರ್ಯಾಕತ್ತಾವ’ ಎಂದರೆ ಹರಿಯುವುದೂ ಅಲ್ಲ, ಹರಿದುಹೋಗುವುದೂ ಅಲ್ಲ, ಸೆಳೆತದ ನೋವು ಎಂದು ಬರೆದಿದ್ದೇನೆ. ಅದು ಮಂಡಿಯ ಕೆಳಗಿನ ನೋವಿಗೆ ಮಾತ್ರವೋ, ಇಡೀ ಕಾಲಿಗೋ ಎಂದು ಅವಳು ಕೇಳಿದಳು. ದೊಡ್ಡವ್ವನನ್ನು ಕೇಳಬೇಕು. ಸದ್ಯಕ್ಕೆ ಆ ಜಾಗ ಖಾಲಿ ಇದೆ.